ಡುಮ್ಮನ ಮೇಲೆ ಕುಂಕುಮದ ನೀರು

ಬಸವೇಶ್ವರನಗರದ ನಮ್ಮ ಅಡ್ಡರಸ್ತೆಯಲ್ಲಿ ಬ್ಲೌಸ್ ಹೊಲಿಯುವ ಕೋಕಿಲಾಗೆ ಹೆಸರು ಮಾತ್ರ ಕೋಗಿಲೆಯದು, ದನಿ ಕುಕ್ಕರಿನ ವಿಷಲ್ಲಿನದು. ಅವಳು "ಡುಮ್ಮಾ" ಎಂದು ಕೂಗಿದರೆ ಕಂದುಬಣ್ಣದ ಬೀದಿನಾಯಿಯೊಂದು ಓಡಿ ಬರುತ್ತದೆ. ಜೊತೆಗೆ ಹೊಟ್ಟೆ ಬಂದ ಒಂದಿಬ್ಬರು ಗಂಡಸರೂ ತಿರುಗಿ ನೋಡುತ್ತಾರೆ.

ನಮ್ಮ ಬೇಸಿಗೆ ಈಗ ಬೇಸಿಗೆಯಲ್ಲ, ಬೇಯಿಸಿಗೆ. ಹಿಂದೊಮ್ಮೆ ಇಂಥದೇ ಬಿಸಿಲಿನಲ್ಲಿ ಡುಮ್ಮನ ತಾಯಿ ಏದುಸಿರು ಬಿಡುತ್ತಾ ಬಿದ್ದಾಗ ಕೋಕಿಲಾ ಒದ್ದೆ ಗೋಣಿ ಹೊದಿಸಿದ್ದಳು. ಅವಳ ಅಮ್ಮ ವಿಜಯನಗರದಲ್ಲಿ ಸೊಪ್ಪು ಮಾರುತ್ತಿದ್ದವರು. ಬಾಡುವುದಕ್ಕೆಲ್ಲ ಆ ಮನೆಯಲ್ಲಿ ಗೋಣಿಯೇ ಮದ್ದು. ಸೊಪ್ಪು ಉಳಿಯುತ್ತಿತ್ತು, ನಾಯಿ ಉಳಿಯಲಿಲ್ಲ. ಗೋಣಿ ಹೊದಿಸಿದರೆ ಮೈಯ ಕಾವು ಒಳಗೇ ನಿಲ್ಲುತ್ತದೆ, ಇಡ್ಲಿ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಹೊಟ್ಟೆಗೆ, ಪಾದಕ್ಕೆ ನೀರು ಹಾಕಿ ಗಾಳಿ ಬೀಸಬೇಕು ಎಂದು ನಾಯಿ ಡಾಕ್ಟರು ಆಮೇಲೆ ಹೇಳಿದರು. ಅಂದಿನಿಂದ ಅವಳು ರಸ್ತೆಯುದ್ದಕ್ಕೂ ಸಿಮೆಂಟು ತೊಟ್ಟಿಗಳಿಗೆ ನೀರು ತುಂಬಿಸುತ್ತಿದ್ದಾಳೆ.

ಈ ಏಪ್ರಿಲ್‌ನ ಒಂದು ಮಧ್ಯಾಹ್ನ ಡುಮ್ಮನೇ ಬಿದ್ದ. ನಾಲಿಗೆ ಜೋತಿತ್ತು, ಕಣ್ಣು ನಿಂತಿತ್ತು. ಹೊಂಗೆಮರದ ನೆರಳಿಗೆ ಎಳೆದು ತಂದಳು, ಸರಿ. ಆದರೆ ಅಂದು ನಲ್ಲಿ ಬಂದಿರಲಿಲ್ಲ, ಮನೆಯ ಸಂಪು ಬರಿದು, ತೊಟ್ಟಿಗಳೂ ಒಣಗಿದ್ದವು. ಕಬ್ಬಿನ ಹಾಲಿನವನು ತನ್ನ ಗಾಡಿಯ ಒದ್ದೆ ಗೋಣಿ ಹಿಡಿದು ಓಡಿಬಂದ.

"ಬೇಡ ಅಣ್ಣ. ನಮ್ ಡುಮ್ಮ ಸೊಪ್ಪಲ್ಲ," ಎಂದಳು ಕೋಕಿಲಾ.

ಆಗ ಕಣ್ಣಿಗೆ ಬಿದ್ದದ್ದು ಎದುರುಮನೆ ಚನ್ನಕೇಶವರ ಗೇಟಿನ ಬುಡದಲ್ಲಿ ಸಾಲಾಗಿ ನಿಂತ ಬಾಟಲಿಗಳು. ಕೆಂಪು ನೀರು ಕಂಡರೆ ನಾಯಿ ಅಲ್ಲಿ ಕಾಲೆತ್ತುವುದಿಲ್ಲ ಎಂಬ ನಂಬಿಕೆಯಿಂದ ಚನ್ನಕೇಶವರು ಕುಂಕುಮ ಕಲಸಿ ಇಟ್ಟಿದ್ದ ಬಾಟಲಿಗಳವು. ನಿವೃತ್ತರಾದ ಮೇಲೆ ಆ ಗೇಟು ಕಾಯುವುದೇ ಅವರ ಉದ್ಯೋಗ. ಕೋಕಿಲಾ ಒಂದೊಂದೇ ಬಾಟಲಿಯ ಬಿರಡೆ ತೆಗೆದು ಡುಮ್ಮನ ಹೊಟ್ಟೆಗೆ, ಕಾಲಿಗೆ ಸುರಿದಳು.

ಸದ್ದು ಕೇಳಿ ಹೊರಬಂದ ಚನ್ನಕೇಶವರಿಗೆ ಕಂಡದ್ದು ಕೆಂಪಾಗಿ ಬಿದ್ದ ನಾಯಿ, ಕೆಂಪು ಕೈಯ ಹೆಂಗಸು. ಮೆಟ್ಟಿಲ ಮೇಲೆ ಕುಸಿದರು. ರಕ್ತವಲ್ಲ, ತಮ್ಮದೇ ಕುಂಕುಮ ಎಂದು ತಿಳಿದ ಮೇಲೆ ಬೈಯಲು ಎದ್ದರು. ನಾಯಿಯ ಹತ್ತಿರ ಬಂದವರು ಅದರ ಪಕ್ಕೆ ಏಳುತ್ತಾ ಬೀಳುತ್ತಾ ಇದ್ದ ವೇಗ ನೋಡಿ ಬೈಗುಳ ಮರೆತರು.

"ಏನಮ್ಮಾ, ಇನ್ನೇನು ಬೇಕು?"

"ನೀರು, ಅಂಕಲ್. ಆಮೇಲೆ ಗಾಳಿ."

ಅವರ ಸಂಪಿನಿಂದ ಬಕೆಟ್ಟು ಬಂತು; ಉದ್ದನೆಯ ವೈರು ಎಳೆದುಕೊಂಡು ಟೇಬಲ್ ಫ್ಯಾನೂ ಬಂತು. ಕೆಂಪು ನಾಯಿಯನ್ನು ಹತ್ತಿಸಿಕೊಳ್ಳಲು ಆಟೋದವರು ಒಪ್ಪಲಿಲ್ಲ. ಡಾಕ್ಟರು ಕೆಂಗೇರಿಯಲ್ಲಿದ್ದರು. "ಹೊರಟಿದ್ದೇನೆ, ಬರುವವರೆಗೆ ನೀರು, ಗಾಳಿ ನಿಲ್ಲಿಸಬೇಡಿ. ತಾನಾಗಿ ಎದ್ದು ನೀರು ಕುಡಿದು ಮೂತ್ರ ಮಾಡಿದರೆ ಮುಕ್ಕಾಲು ಗೆದ್ದ ಹಾಗೆ," ಎಂದರು ಫೋನಿನಲ್ಲಿ.

ಇಬ್ಬರೂ ಕಾಯತೊಡಗಿದರು. ಕೋಕಿಲಾ ಹೊಟ್ಟೆಗೆ, ಪಾದಕ್ಕೆ ನೀರು ಹಾಕುತ್ತಲೇ ಇದ್ದಳು, ಚನ್ನಕೇಶವರು ಫ್ಯಾನನ್ನು ಅತ್ತಿತ್ತ ತಿರುಗಿಸುತ್ತಿದ್ದರು. ಬಹಳ ಹೊತ್ತಿನ ಮೇಲೆ ಡುಮ್ಮ ತಲೆಯೆತ್ತಿದ. ಬಕೆಟ್ಟಿಗೆ ಮೂತಿ ಹಾಕಿ ನಾಲ್ಕು ಗುಟುಕು ಕುಡಿದ. ಎದ್ದ, ತೂರಾಡಿದ, ನಾಲ್ಕು ಹೆಜ್ಜೆ ನಡೆದು ಚನ್ನಕೇಶವರ ಗೇಟಿನ ಬಳಿ ನಿಂತು ಕಾಲೆತ್ತಿದ.

"ಹುಯ್ದ ಕಣಮ್ಮಾ," ಎಂದರು ಚನ್ನಕೇಶವರು, ಮೊಮ್ಮಗ ಹುಟ್ಟಿದವರ ದನಿಯಲ್ಲಿ. ಕೋಕಿಲಾ ಸೆರಗಿನಿಂದ ಮುಖ ಒರೆಸಿಕೊಂಡಳು, ಮುಖವೆಲ್ಲ ಕುಂಕುಮವಾಯಿತು.

ದಾರಿಯಲ್ಲಿದ್ದ ಡಾಕ್ಟರಿಗೆ ಫೋನು ಮಾಡಿ ಸಂತೋಷದ ಸುದ್ದಿ ತಿಳಿಸಿದ್ದೂ ಚನ್ನಕೇಶವರೇ. ಹುಯ್ದದ್ದೆಲ್ಲಿ ಎಂಬುದನ್ನು ಮಾತ್ರ ಹೇಳಲಿಲ್ಲ.