ತೇಲ್ ಎಂದರೆ ತೈಲವಲ್ಲ

ನೋಯ್ಡಾದಲ್ಲಿ ನಾವಿದ್ದ ಫ್ಲ್ಯಾಟುಗಳ ಸೊಸೈಟಿಯ ಸೆಕ್ರೆಟರಿ, ಏನೆಂದು ಬಿಡಿಸಿ ಹೇಳದೆ ಒಂದು ದ್ರವವನ್ನು ನೀರಿನ ಬಾಟಲಿಯಲ್ಲಿ ಕೊಟ್ಟು, ನನ್ನ ಹೆಂಡತಿಯ ಬಲಗೈ ಸುಡಿಸಿದರು. ತಿಕ್ಕಿದವನು ನಾನು, ಅದನ್ನೂ ಮುಚ್ಚಿಡುವುದಿಲ್ಲ.

ನೋಯ್ಡಾಕ್ಕೆ ಮೆಟ್ರೋ ಇನ್ನೂ ಬಂದಿರಲಿಲ್ಲ. ದೀಪಾವಳಿಗೆಂದು ಮೆಟ್ಟಿಲ ಕಂಬಿಗಳಿಗೆ ಹಸಿರು ಪೇಂಟ್ ಹೊಡೆಸಿದ್ದರು. ಹಸಿಯಿದೆಯೆಂದು ಯಾರೂ ಹೇಳಲಿಲ್ಲ. ಮೊಣಕಾಲು ನೋವಿನ ನನ್ನ ಹೆಂಡತಿ ಎರಡೂ ಕೈಯಿಂದ ಕಂಬಿ ಹಿಡಿದೇ ಹತ್ತುವವಳು. ಅಂಗೈಗಳೆರಡೂ ಹಸಿರಾದವು. ಸೆಕ್ರೆಟರಿಗೆ ದೂರಿದೆ. ಅವರು ಬಾಟಲಿಯೊಂದನ್ನು ಕೈಗಿಟ್ಟು, ಚಿಂತೆ ಬೇಡ, ಇದನ್ನು ಹಚ್ಚಿಬಿಡಿ ಎಂದರು.

"ಟೆನ್ಶನ್ ಮತ್ ಲೀಜಿಯೇ ಅಂಕಲ್‌ಜೀ. ತಾರ್ಪೀನ್ ಕಾ ತೇಲ್ ಹೈ, ಲಗಾ ದೀಜಿಯೇ."

ಮೂವತ್ತು ವರ್ಷ ಸರ್ಕಾರಿ ಕಡತಗಳಲ್ಲಿ ಅಲ್ಪವಿರಾಮವನ್ನೂ ಬಿಡದೆ ತಿದ್ದಿದ ನಾನು ಆ ಒಂದು ಪದದಲ್ಲಿ ಎಡವಿದೆ. ಅವರು ಅಂದದ್ದು ತೇಲ್. ನನಗೆ ಕೇಳಿಸಿದ್ದು ತೈಲ. ತೈಲವೆಂದರೆ ನಮ್ಮಲ್ಲಿ ವೈದ್ಯರು ಕೊಡುವುದು, ತಿಕ್ಕಿ ಬಟ್ಟೆ ಕಟ್ಟಿ ಹೀರಿಸುವುದು. ಪೇಂಟ್ ತೆಳುಮಾಡುವ ಟರ್ಪೆಂಟೈನ್ ಅದೆಂದು ಹೊಳೆಯಲಿಲ್ಲ. ಮೊದಲು ಬಲಗೈಗೆ ಧಾರಾಳವಾಗಿ ತಿಕ್ಕಿ, ಹಳೆಯ ಪಂಚೆಯ ತುಂಡನ್ನು ಅದರಲ್ಲೇ ನೆನೆಸಿ ಕಟ್ಟಿದೆ.

"ರೀ, ಭಾಳ ಉರೀಲಿಕ್ಕೆ ಹತ್ತೇದ."

"ಔಷಧ ಅಂದಮ್ಯಾಲೆ ಉರೀತದ. ಸುಮ್ಮನಿರು."

ಬಿಚ್ಚಿದಾಗ ಅಂಗೈಯಲ್ಲಿ, ಬೆರಳ ತುದಿಗಳಲ್ಲಿ ಬೊಬ್ಬೆಗಳೆದ್ದಿದ್ದವು.

ಚರ್ಮದ ಡಾಕ್ಟರಮ್ಮ ಸೋಪು ನೀರಿನಲ್ಲಿ ಬಹಳ ಹೊತ್ತು ತೊಳೆಸಿದರು. ಬೊಬ್ಬೆ ಒಡೆಯಬಾರದು, ಅದರ ಮೇಲೆ ಮನೆಮದ್ದು ಹಚ್ಚಬಾರದು ಎಂದರು. ಬಣ್ಣ ಉಳಿದಿದ್ದ ಎಡಗೈ ನೋಡಿ, "ಸೌತ್‌ವಾಲೇ ಹೋಕರ್ ಘರ್ ಮೇ ನಾರಿಯಲ್ ತೇಲ್ ನಹೀಂ ರಖತೇ?" ದಕ್ಷಿಣದವರ ಮನೆಯಲ್ಲಿ ಕೊಬ್ಬರಿ ಎಣ್ಣೆ ಇಲ್ಲವೇ ಎಂದು ಛೇಡಿಸಿದರು. ಮನೆಗೆ ಬಂದು ಅವರು ಹೇಳಿದಂತೆ ಹತ್ತಿಯಲ್ಲಿ ಕೊಬ್ಬರಿ ಎಣ್ಣೆ ಅದ್ದಿ ಎಡಗೈಯನ್ನು ಮೆಲ್ಲಗೆ ಒರೆಸಿದೆ. ತಲೆಗೆ ಹಚ್ಚುವ ಆ ಸಾಧು ಎಣ್ಣೆಗೆ ಕಂಬಿಯ ಬಣ್ಣ ಸದ್ದಿಲ್ಲದೆ ಸಡಿಲಗೊಂಡಿತು.

ಅವಳ ಭಯವೆಲ್ಲ ಬಲಗೈಯದೇ. ಅವಳು ಕಸೂತಿ ಹಾಕುವವಳು. ಕಣ್ಣು ಮಂಜಾದ ಮೇಲೆ ಬಟ್ಟೆಯ ಎಳೆಗಳನ್ನು ಬೆರಳ ತುದಿಯಲ್ಲೇ ಎಣಿಸುತ್ತಿದ್ದಳು. "ಬೆರಳು ಕುರುಡಾದ್ರ ನಾ ಏನ್ ಮಾಡ್ಲಿ?" ಎಂದು ಒಮ್ಮೆ ಮಾತ್ರ ಕೇಳಿದಳು.

ಸತ್ತ ಚರ್ಮ ತಾನಾಗಿಯೇ ಸುಲಿಯಿತು. ಕೆಳಗೆ ಎಳೆಗೂಸಿನ ಕೆನ್ನೆಯಂಥ ಹೊಸ ಚರ್ಮ. ಅದು ಬಲಿತ ಮೇಲೆ ಅವಳ ಬಲ ಹೆಬ್ಬೆಟ್ಟನ್ನು ಕಾಗದದ ಮೇಲೆ ಒತ್ತಿಸಿ, ಫ್ಲ್ಯಾಟಿನ ಕ್ರಯಪತ್ರದಲ್ಲಿದ್ದ ಹಳೆಯ ಗುರುತಿನೊಡನೆ ಭೂತಗನ್ನಡಿ ಹಿಡಿದು ಹೋಲಿಸಿದೆ. ಅದೇ ಸುಳಿ, ಅದೇ ಕವಲು. ಒಂದು ಗೆರೆಯೂ ತಪ್ಪಿರಲಿಲ್ಲ. ನಾನು ಕೆಡಿಸಿದ ಅಕ್ಷರಗಳನ್ನು ದೇಹ ಯಾವ ಪ್ರತಿಯನ್ನು ನೋಡಿ ಮತ್ತೆ ಬರೆಯಿತು? ಕೈ ಮುಗಿಯಬೇಕೆನಿಸಿತು.

ಅವಳು ಬಟ್ಟೆ ತೊಡೆಯ ಮೇಲೆ ಹರವಿ, ಕಣ್ಣು ಮುಚ್ಚಿ ಬೆರಳಾಡಿಸಿದಳು. "ಎಳಿ ಸಿಗ್ತಾವ್ರೀ," ಎಂದಳು.

ಅದೇ ವಾರದ ಮೀಟಿಂಗಿನಲ್ಲಿ ಸೆಕ್ರೆಟರಿ ಎಲ್ಲರೆದುರು, "ಅಂಕಲ್‌ಜೀ ನೇ ಖುದ್ ಹೀ ಜ್ಯಾದಾ ಲಗಾ ದಿಯಾ," ನಾನೇ ಹೆಚ್ಚು ಹಚ್ಚಿದೆನೆಂದು ನಕ್ಕರು.

ಸೆಕ್ರೆಟರಿ ಸಾಹೇಬರೇ, ಬಾಟಲಿಯಲ್ಲಿದ್ದುದು ಚರ್ಮ ಸುಡುವಂಥದೆಂದು ತಮಗೆ ತಿಳಿದಿತ್ತೇ? ತಿಳಿದಿದ್ದರೆ ಹೇಳಲಿಲ್ಲವೇಕೆ, ತಿಳಿಯದಿದ್ದರೆ ಕೊಟ್ಟಿರೇಕೆ?