ಆಯುಧಪೂಜೆಯ ರಾತ್ರಿ ಆಡಿದ ಮಗ್ಗ

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿದವನು. ದೆವ್ವ ಕಂಡೆ ಎಂದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವನು. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಜಾರಿಲ್ಲ. ನಗುವ ಮೊದಲು ಒಂದು ಮಾತು ಕೇಳಿ... ಇದರಲ್ಲಿ ಒಂದಕ್ಷರವೂ ನಾನು ಕಟ್ಟಿದ್ದಲ್ಲ. ಕಥೆ ಕಟ್ಟುವ ಚಪಲ ಇದ್ದಿದ್ದರೆ ನಮ್ಮಪ್ಪನನ್ನು ಅದರೊಳಕ್ಕೆ ಎಳೆಯುತ್ತಿರಲಿಲ್ಲ.

ಆಗ ನಮ್ಮ ಕೊಳ್ಳೇಗಾಲ ಮದ್ರಾಸು ಸರ್ಕಾರಕ್ಕೆ ಸೇರಿತ್ತು. ಹತ್ತು ಮೈಲಿ ಆಚೆಯ ಯಳಂದೂರು ಮೈಸೂರು ಸೀಮೆ. ನಾನು ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಮೊದಲನೇ ವರ್ಷ ಓದುತ್ತಿದ್ದೆ. ನಮ್ಮ ಬೀದಿಯ ರೇಷ್ಮೆ ನೇಕಾರರ ಮನೆಗಳಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ.

ಹತ್ತಿದ್ದೇನೋ ಹತ್ತಿದೆ, ನಿಲ್ಲುವುದು ಕಷ್ಟವಾಯಿತು. ಲೆಕ್ಚರರು ಇಂಗ್ಲಿಷಿನಲ್ಲಿ ಗಂಟೆಗಟ್ಟಲೆ ಹೇಳುವುದನ್ನು ನಾನು ಪಿಳಿಪಿಳಿ ಕಣ್ಣು ಬಿಟ್ಟು ಕೇಳುತ್ತಿದ್ದೆ. ಧರ್ಮಕ್ಕೆ ಊಟ ಹಾಕುವ ಹಾಸ್ಟೆಲು. ಬೆಳಿಗ್ಗೆ ತಣ್ಣೀರು ಸ್ನಾನ, ಒಂದು ಕೋಟು, ಅದನ್ನೂ ಪಕ್ಕದ ಹಾಸಿಗೆಯವನ ಜೊತೆ ದಿನ ಬಿಟ್ಟು ದಿನ ಹಂಚಿಕೊಳ್ಳಬೇಕು. ದಸರಾ ರಜೆಗೆ ಹೊರಟಾಗ ವಾರ್ಡನ್ನರು ಬಾಗಿಲಲ್ಲೇ ಹೇಳಿ ಕಳಿಸಿದ್ದರು. ರಜೆ ಮುಗಿದ ಕೂಡಲೇ ಟರ್ಮ್ ಪರೀಕ್ಷೆ, ಅದರಲ್ಲಿ ಫೇಲಾದವನು ಹಾಸಿಗೆ ಸುತ್ತಿಕೊಂಡು ಹೊರಡಬಹುದು ಎಂದು.

ಹೊರಟರೆ ಎಲ್ಲಿಗೆ? ಊರಿಗೆ, ಮಗ್ಗಕ್ಕೆ. ನನಗೆ ಮಗ್ಗ ಕಂಡರೆ ಆಗುತ್ತಿರಲಿಲ್ಲ. ಅಪ್ಪ ಬೆಳಕು ಹರಿಯುವ ಮೊದಲು ಅದರೊಳಗೆ ಕಾಲು ಇಳಿಬಿಟ್ಟರೆ ಏಳುವುದು ದೀಪ ಹಚ್ಚಿದ ಮೇಲೆ. ನನ್ನನ್ನು ಮಾತ್ರ ಒಂದು ದಿನವೂ ಅಲ್ಲಿ ಕೂರಿಸಲಿಲ್ಲ. ಹಾಗಾಗಿ ನೇಕಾರನ ಮಗನಾಗಿಯೂ ನನಗೆ ನೇಯಲು ಬರುವುದಿಲ್ಲ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ರಜೆಯಲ್ಲಿ ಓದಿದೆನೇ? ಎಲ್ಲಿಯ ಓದು! ಅವ್ವನ ಕೈಯಡುಗೆ ಉಂಡು, ಹಗಲೆಲ್ಲ ನಿದ್ದೆ ಹೊಡೆದು, ಸಂಜೆ ಹಳೆಯ ಗೆಳೆಯರ ಮುಂದೆ ಮೈಸೂರಿನ ಬಡಾಯಿ ಕೊಚ್ಚಿಕೊಂಡು ತಿರುಗಿದೆ. ಕಣ್ಣು ಬಿಡುವಷ್ಟರಲ್ಲಿ ಆಯುಧಪೂಜೆ ಬಂತು. ಮಾರನೆಯ ದಿನ ವಿಜಯದಶಮಿ, ಅವತ್ತೇ ಮಧ್ಯಾಹ್ನದ ಬಸ್ಸಿಗೆ ನಾನು ಹೊರಡಬೇಕು. ಫಿಸಿಕ್ಸಿನಲ್ಲಿ ಶಾಖದ ಭಾಗ ಒಂದು ಪುಟವೂ ಆಗಿರಲಿಲ್ಲ.

ಪೂಜೆಗೆ ಮಗ್ಗ ತೊಳೆದು, ಬಾಳೆಕಂದು ಕಟ್ಟಿ, ಅದರ ಮುಂದೆ ಮಣೆ ಹಾಕಿದರು. ಅವ್ವ ನನ್ನ ಟ್ರಂಕಿನಿಂದ ಪುಸ್ತಕಗಳನ್ನೆಲ್ಲ ತಂದು ಮಣೆಯ ಮೇಲೆ ಜೋಡಿಸಿದಳು. ಅಪ್ಪ ಅಡ್ಡ ಎಳೆ ಹಾಯಿಸುವ ಲಾಳಿಗೆ ಹೊಸ ನೂಲು ಸುತ್ತಿದ ಕಂಡಿಕೆ ತುಂಬಿ, ಆ ಪುಸ್ತಕಗಳ ಮೇಲಿಟ್ಟು, ಚೆಂಡುಹೂ ಹಾಕಿ ಕೈಮುಗಿದ. ನನ್ನ ಫಿಸಿಕ್ಸ್ ಪುಸ್ತಕವೂ ಅದರಡಿಗೆ ಹೋಯಿತು. ಪೂಜೆಗಿಟ್ಟ ಮೇಲೆ ಮುಗಿಯಿತು, ವಿಜಯದಶಮಿ ಬೆಳಿಗ್ಗೆ ಮನೆಯ ಯಜಮಾನ ಮಂಗಳಾರತಿ ಮಾಡಿ ಎತ್ತುವವರೆಗೆ ಲಾಳಿಯನ್ನಾಗಲಿ ಪುಸ್ತಕವನ್ನಾಗಲಿ ಯಾರೂ ಮುಟ್ಟುವ ಹಾಗಿಲ್ಲ.

"ಅಪ್ಪಾ, ಅದೊಂದು ಪುಸ್ತಕ ಬೇಕಿತ್ತು..." ಎಂದೆ.

"ಇವತ್ತೊಂದಿನ ಅವೂ ಸುದಾರಿಸ್ಕಳ್ಳಿ ಬುಡ್ಲಾ. ಮುಟ್ಬಾರ್ದು" ಎಂದು ಅಪ್ಪ ನಕ್ಕ.

ಸಂಜೆ ಅಪ್ಪ ಹಬ್ಬದ ಸೀರೆ ಗಂಟು ಕಟ್ಟಿಕೊಂಡು ಯಳಂದೂರಿಗೆ ಹೊರಟ. ಅಲ್ಲಿ ನಮ್ಮ ಸೋದರತ್ತೆಯ ಮನೆ. ಪ್ರತಿ ದಸರೆಗೂ ತಂಗಿಗೆ ತನ್ನ ಕೈಯಲ್ಲಿ ನೇಯ್ದ ಒಂದು ಸೀರೆ ಕೊಟ್ಟು ಬರುವುದು ಅಪ್ಪನ ಪದ್ಧತಿ. "ಬೆಳಿಗ್ಗೆ ಮೊದ್ಲೇ ಬಸ್ಸಿಗೇ ಬಂದ್ಬುಡ್ತೀನಿ ಕಣಮ್ಮೀ" ಎಂದು ಅವ್ವನಿಗೆ ಹೇಳಿದ. ನಾನೇ ಬಸ್ಸಿನವರೆಗೆ ಹೋಗಿ ಹತ್ತಿಸಿ ಬಂದೆ.

ಅವತ್ತಿನ ರಾತ್ರಿಯ ನಿಶ್ಶಬ್ದದ ಬಗ್ಗೆ ನಿಮಗೆ ಹೇಗೆ ಹೇಳಲಿ... ನಮ್ಮದು ಮಗ್ಗದ ಬೀದಿ. ಹುಟ್ಟಿದಾಗಿನಿಂದ ಆ ಟಕ್ ಟಕ್ ಸದ್ದಿನಲ್ಲೇ ಮಲಗಿ ಎದ್ದವರು ನಾವು. ವರ್ಷಕ್ಕೊಮ್ಮೆ, ಆಯುಧಪೂಜೆಯ ರಾತ್ರಿ, ಇಡೀ ಬೀದಿ ಬಾಯಿ ಮುಚ್ಚುತ್ತದೆ. ನಿದ್ದೆಯೇ ಹತ್ತುವುದಿಲ್ಲ.

ಅವ್ವ ನಡುಮನೆಯಲ್ಲಿ ಮಲಗಿದಳು. ಅವಳ ಉಸಿರು ಹದಕ್ಕೆ ಬಂದ ಮೇಲೆ ನಾನು ಮೆಲ್ಲಗೆ ಎದ್ದೆ. ಬುಡ್ಡಿ ದೀಪ ಹಚ್ಚಿಕೊಂಡು ಮಗ್ಗದ ಕೋಣೆಗೆ ಹೋದೆ.

ಕೋಣೆ ತುಂಬ ಬಾಡಿದ ಚೆಂಡುಹೂವಿನ ವಾಸನೆ. ಪುಸ್ತಕದ ಮೇಲಿದ್ದ ಲಾಳಿಯನ್ನು ಎತ್ತಿದೆ. ಎತ್ತಿದ್ದನ್ನು ಎಲ್ಲಿಡುವುದು? ನಮ್ಮ ಮನೆಯಲ್ಲಿ ಲಾಳಿಯನ್ನು ನೆಲಕ್ಕೆ ಇಡುವ ರೂಢಿಯೇ ಇಲ್ಲ. ಕೈ ತಾನಾಗಿ ಅದನ್ನು ಮಗ್ಗದ ಮೇಲೆ, ಅಪ್ಪ ನೇಯ್ದು ನಿಲ್ಲಿಸಿದ್ದ ಸೀರೆಯ ಅಂಚಿಗೆ ಇಟ್ಟಿತು. ನಾನು ಯೋಚಿಸಲೂ ಇಲ್ಲ.

ದೀಪ ಕಂಡರೆ ಅವ್ವ ಏಳುತ್ತಾಳೆ. ಅದಕ್ಕೆ ಪುಸ್ತಕ ಹಿಡಿದು ಮಗ್ಗದ ಗುಂಡಿಗೇ ಇಳಿದೆ. ನೇಕಾರ ಕಾಲು ಇಳಿಬಿಟ್ಟು, ಹಲಗೆ ತುಳಿಯುತ್ತ ಕೂರುವ ಹಳ್ಳ ಅದು. ಹಾಸ್ಟೆಲಿನ ಊಟದಲ್ಲಿ ಬಡಕಲಾದ ನಾನು ಮೊಣಕಾಲು ಮಡಿಸಿ ಒಂದು ಮೂಲೆಯಲ್ಲಿ ಹಿಡಿಸಿದೆ. ತಲೆಯ ಮೇಲೆ ಅರ್ಧ ನೇಯ್ದ ಸೀರೆ, ಕೆಳಗೆ ತಣ್ಣನೆಯ ಮಣ್ಣು. ದೀಪ ಪಕ್ಕಕ್ಕಿಟ್ಟು ಓದತೊಡಗಿದೆ.

ಒಂದಕ್ಷರ ತಲೆಗೆ ಹೋಗಲಿಲ್ಲ. ಒಂದೇ ಸಾಲನ್ನು ಹತ್ತು ಸಲ ಓದಿದೆ. ಫೇಲಾಗುವುದು ಖಂಡಿತ ಎನ್ನಿಸಿ ಅಳು ಬಂತು.

ಆಗ... ಟಕ್.

ಪಕ್ಕದ ಮನೆಯವರು ಯಾರೋ ಪದ್ಧತಿ ಮುರಿದರೇ ಎಂದುಕೊಂಡೆ. ಮತ್ತೆ ಟಕ್... ಟಕ್. ತಲೆಯ ಮೇಲಿನ ಸೀರೆ ಸಣ್ಣಗೆ ಅದುರಿತು. ಸದ್ದು ನಮ್ಮ ಮಗ್ಗದ್ದೇ.

ಪುಸ್ತಕದಿಂದ ಕಣ್ಣೆತ್ತಿದೆ. ದೀಪದ ಬೆಳಕಿನಲ್ಲಿ, ನನ್ನ ಮುಖದಿಂದ ಒಂದು ಮೊಳ ದೂರದಲ್ಲಿ, ಎರಡು ಕಾಲುಗಳು ಗುಂಡಿಯೊಳಕ್ಕೆ ಇಳಿಬಿಟ್ಟಿದ್ದವು. ಒಂದಾದ ಮೇಲೊಂದರಂತೆ ಹಲಗೆ ತುಳಿಯುತ್ತಿದ್ದವು.

ನಾನು ಹೆದರಲಿಲ್ಲ, ಕೇಳಿ. ಅವು ಅಪ್ಪನ ಕಾಲುಗಳು. ಒಡೆದ ಹಿಮ್ಮಡಿ, ಎಡ ಹೆಬ್ಬೆರಳಿನ ಕಪ್ಪು ಉಗುರು, ಮೊಣಕಾಲ ಕೆಳಗಿನ ಸುಟ್ಟ ಕಲೆ... ಮಗ ತಪ್ಪು ತಿಳಿಯುವಂತಿರಲಿಲ್ಲ. ಅವನು ಜಗಿಯುವ ಕಡ್ಡಿಪುಡಿ ಹೊಗೆಸೊಪ್ಪಿನ ಘಾಟು ಕೂಡ ಮೂಗಿಗೆ ಬಂತು. ಕೊನೆಯ ಬಸ್ಸಿಗೆ ವಾಪಸ್ಸು ಬಂದಿದ್ದಾನೆ, ಪುಸ್ತಕ ಕದ್ದವನು ಸಿಕ್ಕಿಬಿದ್ದೆ, ಈಗ ಬೈಗುಳ ಬೀಳುತ್ತದೆ ಎಂದು ಮಾತ್ರ ಹೆದರಿದೆ.

"ಯಾವಾಗ ಬಂದ್ಯಪ್ಪಾ?" ಎಂದೆ, ಪಿಸುದನಿಯಲ್ಲಿ.

ಮೇಲಿನಿಂದ ಮೆತ್ತಗೆ ಮಾತು ಬಂತು. "ನೀ ಓದ್ಕೊ ಮಗಾ. ನಾನ್ ನೇಯ್ತೀನಿ."

ಅಷ್ಟೇ. ಬೈಗುಳವಿಲ್ಲ. ನನಗೆ ನಾಚಿಕೆಯೂ ಆಯಿತು, ಜೀವವೂ ಬಂತು. ತಲೆ ತಗ್ಗಿಸಿ ಓದಿದೆ. ಏನು ಹೇಳಲಿ... ಆ ಸದ್ದು ಶುರುವಾದ ಮೇಲೆ ಪುಟಗಳು ಸಲೀಸಾಗಿ ತಲೆಗಿಳಿದವು. ಸೂತ್ರಗಳು, ಲೆಕ್ಕಗಳು, ಒಮ್ಮೆ ಓದಿದ್ದು ಅಲ್ಲೇ ನಿಂತಿತು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ.

"ಸಾಕಾ ಮಗಾ?" ಎಂದಿತು ಮೇಲಿನ ದನಿ. ಉಸಿರು ಏರಿತ್ತು.

"ಇನ್ನೊಂಚೂರು ಅಪ್ಪಾ" ಎಂದೆ. ಸದ್ದು ನಿಂತರೆ ಓದೂ ನಿಲ್ಲುತ್ತದೆಂದು ನನಗೆ ಹೇಗೋ ಗೊತ್ತಾಗಿಬಿಟ್ಟಿತ್ತು.

ಮತ್ತೆ ಟಕ್ ಟಕ್. ಕಾಲುಗಳು ಈಗ ನಡುಗುತ್ತಿದ್ದವು. ಮೀನಖಂಡ ಸೆಟೆದು ಗಂಟು ಕಟ್ಟಿತ್ತು. ಎರಡನೆಯ ಸಲ ದನಿ ಬಂತು, ಬಹಳ ಸಣ್ಣಗೆ. "ಸಾಕೇನ್ಲಾ?"

"ಇನ್ನೆಲ್ಡೇ ಪುಟ."

ಕಾಲುಗಳನ್ನು ನೋಡುತ್ತಲೇ ಹಾಗೆಂದೆ.

ಕೊನೆಯ ಪುಟ ತಿರುಗಿಸುವಾಗ ನಡುಮನೆಯಲ್ಲಿ ಬಳೆ ಸದ್ದಾಯಿತು. ಅವ್ವ ಕೋಣೆಯ ಬಾಗಿಲಿಗೆ ಬಂದಳು. ಸೀರೆಯ ಅಡಿಯಿಂದ ನನಗೆ ಅವಳ ಕೈಯ ಲಾಟೀನು ಮಾತ್ರ ಕಾಣುತ್ತಿತ್ತು.

"ಏನ್ಲಾ ಅದು? ಇವತ್ತ್ ಮಗ್ಗ ಆಡುಸ್ತಿದ್ದೀಯಲ್ಲಾ, ಬುದ್ದಿಗಿದ್ದಿ ಅದಾ ನಿಂಗೆ?"

"ನಾನಲ್ಲ ಕಣವ್ವಾ, ಅಪ್ಪ ನೇಯ್ತಾವ್ನೆ."

ಲಾಟೀನು ಮೇಲಕ್ಕೆದ್ದಿತು. ಆಮೇಲೆ ಅವಳ ದನಿ ಬೇರೆಯೇ ಆಗಿತ್ತು.

"ಯಾವಪ್ಪನ್ಲಾ... ಮಗ್ಗದ್ ಮುಂದೆ ಯಾರೂ ಇಲ್ವಲ್ಲೋ."

ನನ್ನ ಕಣ್ಣೆದುರಿಗೆ ಆ ಎರಡು ಕಾಲುಗಳು ಇನ್ನೂ ತುಳಿಯುತ್ತಲೇ ಇದ್ದವು. ಎಡ... ಬಲ... ಎಡ...

ನಾನು ಗುಂಡಿಯ ಮಣ್ಣಿನ ಗೋಡೆಗೆ ಒತ್ತಿಕೊಂಡೆ. ಆಗ ಬಲಗಾಲು ನಿಂತಿತು. ಎಡಗಾಲು ಇನ್ನೊಮ್ಮೆ ತುಳಿದು ತಾನೂ ನಿಂತಿತು. ಬುಡ್ಡಿ ದೀಪ ಆರಿತು. ಕತ್ತಲಲ್ಲಿ ಬೆವರಿನಿಂದ ತೊಯ್ದ ಬಿಸಿ ಪಾದವೊಂದು ನನ್ನ ಕೈಗೆ ಸವರಿಕೊಂಡು ಮೇಲಕ್ಕೆ ಹೋಯಿತು.

ಅವ್ವ ನನ್ನನ್ನು ರಟ್ಟೆ ಹಿಡಿದು ಎಳೆದುಕೊಂಡಳು. ಬೆಳಗಾಗುವವರೆಗೆ ಇಬ್ಬರೂ ಜಗಲಿಯಲ್ಲಿ ಕೂತೆವು. ಅವಳು ಒಂದೇ ಮಾತನ್ನು ಹೇಳುತ್ತಿದ್ದಳು, "ಅವ್ರು ಚೆಂದಾಗಿರ್ಲಿ ಸಿವನೇ, ಅವ್ರು ಚೆಂದಾಗಿ ಮನೆಗ್ ಬರ್ಲಿ."

ಬೆಳಕಾದ ಮೇಲೆ ಧೈರ್ಯ ಮಾಡಿ ಒಳಗೆ ಹೋಗಿ ನೋಡಿದೆ. ಸೀರೆ ನಾಲ್ಕು ಬೆರಳು ಮುಂದೆ ಬಂದಿತ್ತು. ಲಾಳಿಯ ಕಂಡಿಕೆಯಲ್ಲಿ ಒಂದೆಳೆ ನೂಲು ಉಳಿದಿರಲಿಲ್ಲ. ಆಗಲೇ ಹೇಳಿದೆನಲ್ಲ, ನನಗೆ ನೇಯಲು ಬರುವುದಿಲ್ಲ. ಅವ್ವನಿಗೂ ಆಗ ಬರುತ್ತಿರಲಿಲ್ಲ.

ಅಪ್ಪ ಬಂದ. ನಡೆದು ಬರಲಿಲ್ಲ. ಬಸ್ಸಿಳಿದ ಜಾಗದಿಂದ ಅವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಅತ್ತೆಯ ಗಂಡ ಬಂದರು. ನಾನೂ ಅವರೂ ಎತ್ತಿ ಒಳಗೆ ತಂದೆವು. ಸೊಂಟದ ಕೆಳಗೆ ಅಪ್ಪನ ಮೈ ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು.

"ರಾತ್ರಿಯೆಲ್ಲಾ ನಿದ್ದೇಲಿ ಕಾಲಾಡುಸ್ತಾ ಇದ್ದ ಕಣ್ಲಾ" ಎಂದರು ಮಾವ. "ಇಡ್ಕಂಡ್ರೂ ನಿಲ್ಸಾಕಾಗ್ನಿಲ್ಲ. ಎಬ್ಬುಸುದ್ರೆ ಎದ್ದೇಳ್ನಿಲ್ಲ. ಕೋಳಿ ಕೂಗೋ ಒತ್ಗೆ ತಾನಾಗೇ ನಿಂತೋಯ್ತು. ಎದ್ದು ನೋಡುದ್ರೆ ಕಾಲಲ್ಲಿ ಜೀವಾನೇ ಇಲ್ಲ ಅಂತಾನೆ."

ಅಪ್ಪ ಮಗ್ಗದ ಕಡೆ ಕೈ ತೋರಿಸಿದ. ಎತ್ತಿ ಅದರ ಮುಂದೆ ಕೂರಿಸಿದೆವು. ಹೊಸದಾಗಿ ಬಂದಿದ್ದ ನಾಲ್ಕು ಬೆರಳಿನ ಮೇಲೆ ಅವನು ಬೆರಳಾಡಿಸಿದ, ಕುರುಡರು ಮುಖ ಸವರುವ ಹಾಗೆ.

"ಇದು ನಾನೇ ನೇಯ್ದಿದ್ದು" ಎಂದ.

ನಾನು ಅವನ ಕಾಲು ಹಿಡಿದುಕೊಂಡು ಎಲ್ಲವನ್ನೂ ಒದರಿದೆ. ಪುಸ್ತಕ ತೆಗೆದದ್ದು, ಲಾಳಿಯನ್ನು ಮಗ್ಗಕ್ಕಿಟ್ಟದ್ದು, ಗುಂಡಿಯಲ್ಲಿ ಕೂತದ್ದು, ಎಲ್ಲ. ಎರಡು ಸಲ ಸಾಕಾ ಎಂದು ಕೇಳಿದ್ದನ್ನೂ, ನಾನು ಇನ್ನೂ ಬೇಕೆಂದದ್ದನ್ನೂ ಮಾತ್ರ ಹೇಳಲಿಲ್ಲ. "ಕಾಲೇಜು ಬ್ಯಾಡಪ್ಪಾ. ನಾನೇ ಮಗ್ಗಕ್ಕೆ ಕೂತ್ಕತೀನಿ, ಕಲ್ಸ್ಕೊಡು" ಎಂದೆ. ಬಾಯಿಮಾತಲ್ಲ, ನಿಜವಾಗಿ ಹಾಗೆ ಅನ್ನಿಸಿತ್ತು.

ಅಪ್ಪ ನನ್ನನ್ನೇ ನೋಡಿದ. ಸಿಟ್ಟಿರಲಿಲ್ಲ. ತಲೆ ಸವರಿ ಒಂದೇ ಒಂದು ಪ್ರಶ್ನೆ ಕೇಳಿದ.

"ಓದಿದ್ದು ತಲೆಗೆ ಅತ್ತಿತೇನ್ಲಾ?"

"ಹೂಂ" ಎಂದೆ.

"ಅಂಗಾದ್ರೆ ಓಗು. ಬಸ್ಸು ಒಂಟೋಯ್ತದೆ."

ಹೋದೆ. ಪರೀಕ್ಷೆಯಲ್ಲಿ ಶಾಖದ ಭಾಗದಿಂದ ಬಂದ ಪ್ರಶ್ನೆಗಳಿಗೆಲ್ಲ ಉತ್ತರ ಬರೆದೆ, ಹಾಸ್ಟೆಲು ಉಳಿಯಿತು. ಅವ್ವ ಮಗ್ಗಕ್ಕೆ ಕೂತಳು, ಅಪ್ಪ ಪಕ್ಕದಲ್ಲಿ ಕೂತು ಹೇಳಿಕೊಟ್ಟ. ಮೈಸೂರಿನ ಡಾಕ್ಟರು ನರದ ಕಾಯಿಲೆ ಎಂದು ಏನೋ ಹೆಸರು ಹೇಳಿದರು. ಇರಬಹುದು. ಅಪ್ಪ ಆಮೇಲೆ ಹನ್ನೊಂದು ವರ್ಷ ಬದುಕಿದ, ಒಮ್ಮೆಯೂ ಎದ್ದು ನಿಲ್ಲಲಿಲ್ಲ. ಆ ರಾತ್ರಿಯ ಮಾತನ್ನೂ ಎತ್ತಲಿಲ್ಲ.

ಇನ್ನೊಂಚೂರು ಎಂದ ನನ್ನ ಮಾತು ಅವನಿಗೆ ಅಲ್ಲಿ, ಯಳಂದೂರಿನಲ್ಲಿ, ಕೇಳಿಸಿತ್ತೇ? ಕೇಳಿಸಿಯೂ ತುಳಿದನೇ? ಅವನಿದ್ದಾಗ ಎಷ್ಟೋ ಸಲ ಕೇಳಬೇಕೆಂದು ಹತ್ತಿರ ಹೋಗಿ ಕೂತಿದ್ದೇನೆ, ಬೇರೆ ಏನಾದರೂ ಮಾತಾಡಿ ಎದ್ದು ಬಂದಿದ್ದೇನೆ. ಈಗ ಕೇಳೋಣವೆಂದರೆ ಅವನಿಲ್ಲ.