ಕುಂಕುಮದ ತೂಕ

ನಮ್ಮ ಲ್ಯಾಬಿನಲ್ಲಿ ಮಿದುಳಿನ ಊತ ಅಳೆಯುವುದು ಹಪ್ಪಳ ಒಣಗಿಸಿದಷ್ಟೇ ಸರಳ. ಇಲಿಯ ಮಿದುಳನ್ನು ಪುಟ್ಟ ಫಾಯಿಲ್ ಬಟ್ಟಲಲ್ಲಿಟ್ಟು ತೂಗಬೇಕು, ಓವನ್ನಿನಲ್ಲಿ ಒಣಗಿಸಿ ಮತ್ತೆ ತೂಗಬೇಕು. ಕಡಿಮೆಯಾದ ತೂಕವೆಲ್ಲ ನೀರು. ನೀರು ಹೆಚ್ಚಿದ್ದರೆ ಊತ ಹೆಚ್ಚು. ಗಾಬರಿಯಾದಾಗ ಎದೆ ಹೊಡೆದುಕೊಳ್ಳುವಂತೆ ಮಾಡುವ ಅಡ್ರಿನಲಿನ್ ತಲೆಗೆ ಪೆಟ್ಟಾದಾಗಲೂ ಉಕ್ಕುತ್ತದೆ. ಅದನ್ನು ತಡೆಯುವ ಔಷಧಿ ಕೊಟ್ಟರೆ ಊತ ಇಳಿಯುತ್ತದೆಯೇ ಎಂಬುದು ನನ್ನ ವಿದ್ಯಾರ್ಥಿನಿಯ ಪಿಎಚ್‌ಡಿ ವಿಷಯ. ಅವಳ ಫೆಲೋಶಿಪ್ ಮುಗಿಯುತ್ತಾ ಬಂದಿತ್ತು. ದಸರೆಯ ರಜೆಗೆ ಮುಂಚೆ ತೂಗಿ ಓವನ್ನಿಗೆ ಇಟ್ಟದ್ದೇ ಮಿದುಳುಗಳ ಕೊನೆಯ ಕಂತು. ಅದು ಕೆಟ್ಟರೆ ಪ್ರಬಂಧವೇ ಇಲ್ಲ.

ಹಬ್ಬ ಮುಗಿಸಿ ಜಯನಗರದ ಮನೆಯಿಂದ ಒಬ್ಬಟ್ಟು ಕಟ್ಟಿಕೊಂಡು ಹೋದರೆ, ಅವಳು ತಕ್ಕಡಿಯ ಮುಂದೆ ಅಳುತ್ತಾ ಕೂತಿದ್ದಳು.

"ಎಲ್ಲಾ ಹೋಯ್ತು ಮೇಡಂ. ಡ್ರಗ್ ಕೊಡದೇ ಇರೋ ಇಲಿಗಳಲ್ಲೂ ಊತಾನೇ ಇಲ್ಲ."

ಪೆಟ್ಟು ತಿಂದ ಮಿದುಳು ಔಷಧಿಯಿಲ್ಲದೆ ಊದದೇ ಇರುವುದುಂಟೇ? ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ಓವನ್ ಯಾರು ಮುಟ್ಟಿದ್ದು?" ಎಂದು ಸಿಡುಕಿ ಒಂದು ಬಟ್ಟಲು ಎತ್ತಿ ನೋಡಿದೆ. ಹೊರಮೈಗೆ ಅರಿಶಿನ, ಅದರ ಮೇಲೆ ದಪ್ಪನೆಯ ಕುಂಕುಮದ ಬೊಟ್ಟು. ಎಲ್ಲ ಬಟ್ಟಲಿಗೂ ಹಾಗೇ.

"ಆಯುಧಪೂಜೆ ಅಲ್ವಾ ಮೇಡಂ," ಎಂದಳು ಮೆಲ್ಲಗೆ. "ತಕ್ಕಡಿಗೆ, ಓವನ್‌ಗೆ ಇಟ್ಟೆ. ಇವಕ್ಕೂ ಇಟ್ರೆ ರಿಸಲ್ಟ್ ಚೆನ್ನಾಗ್ ಬರುತ್ತೆ ಅಂತ..."

ಬೈಯಲು ಬಾಯಿ ತೆರೆದವಳು ನಕ್ಕುಬಿಟ್ಟೆ. ಒಣಗಿದ ಇಲಿಮಿದುಳಿಗೆ ಎಷ್ಟು ಮಹಾ ತೂಕ! ಮೊದಲ ತೂಕವಾದ ಮೇಲೆ ಇಟ್ಟ ಬೊಟ್ಟಿನ ಭಾರವೂ ಎರಡನೆಯ ತೂಕಕ್ಕೆ ಸೇರಿ, ನೀರು ಹೋದದ್ದೇ ಕಡಿಮೆ ಎಂಬಂತೆ ಕಂಡಿತ್ತು. ಇಬ್ಬರೂ ಕೂತು ಒದ್ದೆ ಹತ್ತಿಯಿಂದ ಒಂದೊಂದೇ ಬಟ್ಟಲು ಒರೆಸಿ ಮತ್ತೆ ಓವನ್ನಿಗೆ ಇಟ್ಟೆವು.

ಮರುದಿನ ತೂಗಿದಾಗ ಊತ ಮರಳಿ ಬಂದಿತ್ತು. ಔಷಧಿ ಪಡೆದ ಇಲಿಗಳಲ್ಲಿ ಅದು ಕಡಿಮೆಯೂ ಇತ್ತು. ಅವಳಿಗಿಂತ ನನಗೇ ಹೆಚ್ಚು ಖುಷಿಯಾಯಿತು. ಆದರೂ ಖಚಿತವಾಗಲೆಂದು ಇನ್ನೊಂದು ಸಲ ಒಣಗಿಸಿ ನೋಡೋಣ ಎಂದೆ.

ಸಂಜೆ ಅವಳು ಬನಶಂಕರಿ ಗುಡಿಗೆ ಹೊರಟಳು. ಗುಡಿಯ ಕಡೆ ತಲೆ ಹಾಕದ ನಾನು, "ನಡಿ, ನಾನೂ ಬರ್ತೀನಿ," ಎಂದೆ. ಅರ್ಚಕರು ಕೊಟ್ಟ ಕುಂಕುಮವನ್ನು ಹಣೆಗಿಟ್ಟುಕೊಂಡೆ. ಅವಳು ಬ್ಯಾಗಿನಿಂದ ಟಿಶ್ಯೂ ತೆಗೆದು ನನ್ನ ಮುಂದೆ ಹಿಡಿದಳು.

"ಬೆರಳು ಚೆನ್ನಾಗ್ ಒರೆಸ್ಕೊಳ್ಳಿ ಮೇಡಂ. ನಾಳೆ ತೂಕ ಇದೆ."